ಈ ಯೋಗ ಯಾರ ಮೈಗಾಗಿ ಹುಟ್ಟಿದ್ದು? ಶೈಲಿ ಆರಿಸಿ ದಿನಚರಿಗೆ ಹೊಂದಿಸುವ ಬಗೆ

ಯೋಗ ತರಗತಿಗೆ ಸೇರಲು ಹೊರಟವರು ಸಾಮಾನ್ಯವಾಗಿ ಮೂರು ವಿಷಯ ವಿಚಾರಿಸುತ್ತಾರೆ: ಎಷ್ಟು ಹೊತ್ತಿಗೆ, ಎಷ್ಟು ದೂರ, ತಿಂಗಳಿಗೆ ಎಷ್ಟು. ಬೋರ್ಡಿನ ಮೇಲೆ ಅಷ್ಟಾಂಗ, ಅಯ್ಯಂಗಾರ್, ಹಠ, ವಿನ್ಯಾಸ, ಪವರ್ ಯೋಗ ಅಂತ ಏನೇ ಬರೆದಿರಲಿ, ಎಲ್ಲ ಒಂದೇ ಅಂದುಕೊಂಡು ಮನೆಗೆ ಹತ್ತಿರವಿರುವ ಕಡೆ ದುಡ್ಡು ಕಟ್ಟಿಬಿಡುತ್ತಾರೆ. ಎರಡು ವಾರದಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ, ಇಲ್ಲವೇ ಬೇಸರ ಹಿಡಿಯುತ್ತದೆ. ಸೇರುವ ಮುಂಚೆ ಕೇಳಬೇಕಾದ ನಾಲ್ಕನೆಯ ಪ್ರಶ್ನೆ ಒಂದಿದೆ: ಈ ಕ್ರಮ ಯಾರ ಮೈಯನ್ನು ಎದುರಿಗಿಟ್ಟುಕೊಂಡು ರೂಪುಗೊಂಡದ್ದು?

ಒಬ್ಬ ಗುರು, ಮೂರು ಕ್ರಮ

ಇದಕ್ಕೆ ಉತ್ತರ ಹುಡುಕಲು ಮೈಸೂರಿಗಿಂತ ದೂರ ಹೋಗಬೇಕಿಲ್ಲ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಎದುರಿಗಿದ್ದವರಲ್ಲಿ ಹೆಚ್ಚಿನವರು ಹುಡುಗರು. ಒಂದು ಕಡೆ ಕೂರದ ಆ ಎಳೆಯ ಮೈಗಳಿಗೆ ಹಾರುತ್ತ, ಬಾಗುತ್ತ, ಉಸಿರಿನ ಲೆಕ್ಕದಲ್ಲಿ ಆಸನದಿಂದ ಆಸನಕ್ಕೆ ದಾಟುವ ಕ್ರಮ ಸಲೀಸಾಗಿ ಒಗ್ಗಿತು. ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು ಆ ಚುರುಕನ್ನು ಹಾಗೇ ಉಳಿಸಿಕೊಂಡು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಸ್ವಂತ ಶಾಲೆ ತೆರೆದರು. ಇವತ್ತು ಜಗತ್ತೆಲ್ಲ ‘ಅಷ್ಟಾಂಗ ವಿನ್ಯಾಸ’ ಅನ್ನುವುದು ಅದನ್ನೇ.

ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅದೇ ಗುರುವಿನ ಶಿಷ್ಯರು. ಆದರೆ ಅವರು ಬಾಲ್ಯದಲ್ಲಿ ಸಾಲು ಸಾಲು ಕಾಯಿಲೆಯಿಂದ ಸೊರಗಿದ್ದವರು. 1937ರಲ್ಲಿ ಪುಣೆಗೆ ಹೋಗಿ ಕಲಿಸತೊಡಗಿದ ಮೇಲೆ ಬಾಗದ ಬೆನ್ನಿನವರು, ಸೊಂಟ ನೋವಿನವರು ಎದುರಾದರು. ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಕಂಬಳಿ ಇವೆಲ್ಲ ಆಸನಕ್ಕೆ ಊರುಗೋಲಾಗಿ ಬಂದದ್ದು ಹಾಗೆ. ಮುಂದೆ ಮದ್ರಾಸಿನಲ್ಲಿ ನೆಲೆಸಿದ ಕೃಷ್ಣಮಾಚಾರ್ಯರು ತಾವೇ ಒಬ್ಬೊಬ್ಬರಿಗೆ ಒಂದೊಂದು ಕ್ರಮ ಹೇಳಿಕೊಟ್ಟರು, ಮಗ ಟಿ.ಕೆ.ವಿ. ದೇಶಿಕಾಚಾರ್ ಅದನ್ನು ಬೆಳೆಸಿದರು. ವಯಸ್ಸು, ಕಸುಬು, ಕಾಯಿಲೆ ನೋಡಿ ಆಸನವನ್ನೇ ತಿದ್ದುವ ಈ ಬಗೆಗೆ ‘ವಿನಿಯೋಗ’ ಎಂಬ ಹೆಸರು ನಿಂತಿದೆ.

ಮೂರರಲ್ಲಿ ಯಾವುದು ಶ್ರೇಷ್ಠ ಎಂಬ ಜಗಳ ಹಾಗಾಗಿ ವ್ಯರ್ಥ. ನಿಮ್ಮ ಮೈ ಯಾವ ಶಿಷ್ಯರ ಮೈಗೆ ಹತ್ತಿರವಿದೆ, ಅದನ್ನು ನೋಡಿಕೊಳ್ಳಿ.

ಯಾರಿಗೆ ಯಾವುದು ಒಗ್ಗುತ್ತದೆ

ನಲವತ್ತರೊಳಗಿನವರು, ಕೀಲುಗಳಲ್ಲಿ ತಕರಾರಿಲ್ಲ, ಮುಂಜಾನೆ ಐದೂವರೆಗೆ ಏಳಬಲ್ಲಿರಿ ಅಂದರೆ ಅಷ್ಟಾಂಗ ಕಲಿಯಬಹುದು. ಅದರ ಮೊದಲ ಶ್ರೇಣಿ, ಅಂದರೆ ಆಸನಗಳ ಮೊದಲ ನಿಗದಿತ ಸರಣಿ, ಪೂರ್ತಿ ಮಾಡಲು ಸುಮಾರು ಒಂದೂವರೆ ಗಂಟೆ ಬೇಕು. ವಾರಕ್ಕೆ ಆರು ದಿನ, ಸಂಪ್ರದಾಯದಂತೆ ಶನಿವಾರ ಮತ್ತು ಹುಣ್ಣಿಮೆ-ಅಮಾವಾಸ್ಯೆಗೆ ರಜೆ. ಇಷ್ಟು ಕೇಳಿ ಹೆದರಬೇಡಿ. ಮೈಸೂರು ಪದ್ಧತಿಯಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡುವುದಿಲ್ಲ, ಅವರವರ ಪಾಠ ಅವರವರಿಗೆ. ಹೊಸಬರು ಬರೀ ಸೂರ್ಯನಮಸ್ಕಾರ ಮಾಡಿ ಅರ್ಧ ಗಂಟೆಯಲ್ಲಿ ಮನೆಗೆ ಹೋಗಬಹುದು. ಕಲಿತಂತೆ ಗುರು ಒಂದೊಂದೇ ಆಸನ ಸೇರಿಸುತ್ತಾರೆ. ಮೊದಲ ದಿನವೇ ಪೂರ್ತಿ ಶ್ರೇಣಿ ಮಾಡಿಸುವ ಕಡೆ ಆ ಪದ್ಧತಿಯ ಹೆಸರು ಮಾತ್ರ ಇದೆ ಎಂದು ತಿಳಿಯಿರಿ.

ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕಳೆಯುವವರು, ಕತ್ತು-ಸೊಂಟದ ನೋವಿರುವವರು, ಐವತ್ತು ದಾಟಿದ ಮೇಲೆ ಶುರು ಮಾಡುವವರು ಅಯ್ಯಂಗಾರ್ ಕ್ರಮಕ್ಕೆ ಹೋಗುವುದು ಲೇಸು. ಇಲ್ಲಿ ಆಸನ ಕಡಿಮೆ, ಒಂದರಲ್ಲಿ ನಿಲ್ಲುವ ಹೊತ್ತು ಹೆಚ್ಚು: ಅರ್ಧ ನಿಮಿಷದಿಂದ ಒಂದು ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ. ವಾರಕ್ಕೆ ಎರಡು ತರಗತಿ, ಉಳಿದ ದಿನ ಮನೆಯಲ್ಲಿ ಅದನ್ನೇ ರೂಢಿ ಮಾಡಿದರೆ ಸಾಕು.

ವಯಸ್ಸಾದವರಿಗೆ, ಕಾಯಿಲೆಯಿಂದ ಎದ್ದವರಿಗೆ, ಮೈ ಹಗ್ಗದಂತೆ ಬಿಗಿದವರಿಗೆ ಬಿಹಾರದ ಮುಂಗೇರ್ ಸಂಪ್ರದಾಯದ ಪವನಮುಕ್ತಾಸನ ಸರಣಿ ಒಳ್ಳೆಯ ಆರಂಭ. ಕಾಲ್ಬೆರಳಿನಿಂದ ಶುರುವಾಗಿ ಹಿಮ್ಮಡಿಯ ಕೀಲು, ಮಂಡಿ, ಸೊಂಟ, ಮಣಿಕಟ್ಟು, ಭುಜ, ಕತ್ತು ಹೀಗೆ ಒಂದೊಂದೇ ಕೀಲನ್ನು ಉಸಿರಿನ ಜೊತೆ ಸಡಿಲಿಸುತ್ತ ಹೋಗುತ್ತದೆ. ಬೆಂಗಳೂರು ಹೊರವಲಯದ ಜಿಗಣಿ ಬಳಿಯ ಯೋಗ ಕೇಂದ್ರ ಪ್ರಶಾಂತಿ ಕುಟೀರದಲ್ಲಿ ಕಲಿಸುವ ಶಿಥಿಲೀಕರಣ (ಮೈ ಸಡಿಲಿಸುವ) ವ್ಯಾಯಾಮಗಳೂ ಇದೇ ಜಾಡಿನವು. ಅಲ್ಲಿಯದೇ ಆವರ್ತನ ಧ್ಯಾನ ನಿದ್ದೆ ಕೆಟ್ಟವರು ಒಮ್ಮೆ ಕಲಿತು ನೋಡಬೇಕಾದದ್ದು. ಸುಮಾರು 35 ನಿಮಿಷ, ನಿಧಾನದ ಆಸನ ಒಂದು, ಕೂಡಲೇ ವಿಶ್ರಾಂತಿ ಒಂದು.

ಋಷಿಕೇಶದ ಸ್ವಾಮಿ ಶಿವಾನಂದರ ಪರಂಪರೆಯಲ್ಲಿ 12 ಮೂಲ ಆಸನಗಳು, ನಡುನಡುವೆ ಶವಾಸನ. ಕ್ರಮ ಅಚ್ಚುಕಟ್ಟು, ಆದರೆ ಶೀರ್ಷಾಸನ ಮೊದಲಿಗೇ ಬರುವುದರಿಂದ ಗುರು ಇಲ್ಲದೆ ಬೇಡ. ಆಯುಷ್ ಸಚಿವಾಲಯದ ‘ಸಾಮಾನ್ಯ ಯೋಗ ಶಿಷ್ಟಾಚಾರ’ ಎಂಬ ನಿಗದಿತ ಕ್ರಮ 45 ನಿಮಿಷದ್ದು, ಜೂನ್ 21ರ ಯೋಗ ದಿನಕ್ಕೆ ಮೈದಾನಗಳಲ್ಲಿ ಮಾಡಿಸುವುದು ಅದನ್ನೇ; ಕಷ್ಟದ ಆಸನಗಳಿಲ್ಲ. ಇನ್ನು ಕೋಣೆ ಕಾಯಿಸಿ ಮಾಡಿಸುವ ಹಾಟ್ ಯೋಗ. ಅದಕ್ಕೆ ದುಡ್ಡೇಕೆ ಕೊಡಬೇಕು ಎಂದು ರಾಯಚೂರಿನವರು ಕೇಳಿದರೆ ತಪ್ಪಿಲ್ಲ. ಬಿಸಿಯಲ್ಲಿ ಸ್ನಾಯು ತನ್ನ ಮಿತಿ ಮೀರಿ ಹಿಗ್ಗಿದ್ದು ಆ ಹೊತ್ತಿಗೆ ಗೊತ್ತಾಗುವುದಿಲ್ಲ, ಮರುದಿನ ನೋವಾಗಿ ತಿಳಿಯುತ್ತದೆ.

ಗದ್ದೆಯಲ್ಲಿ ನಾಟಿ, ಕಳೆ, ಕಟ್ಟಡದಲ್ಲಿ ಗಾರೆ ಕೆಲಸ ಮಾಡುವವರಿಗೆ ಯೋಗ ಬೇಡ ಎಂಬ ಮಾತಿದೆ. ದುಡಿಮೆ ಮೈಯನ್ನು ಒಂದೇ ದಿಕ್ಕಿಗೆ, ಮುಂದಕ್ಕೆ, ಬಗ್ಗಿಸುತ್ತದೆ. ಅವರಿಗೆ ಪಶ್ಚಿಮೋತ್ತಾನಾಸನದಂಥ ಮುಂಬಾಗುವ ಆಸನ ಬೇಕಿಲ್ಲ. ಸಂಜೆ ಮಕರಾಸನ (ಬೋರಲು ಮಲಗಿ ವಿಶ್ರಾಂತಿ), ಭುಜಂಗಾಸನ (ಬೋರಲು ಮಲಗಿ ಎದೆ ಎತ್ತುವುದು), ಗೋಡೆಗೆ ಕಾಲೆತ್ತಿ ಮಲಗುವುದು, ಹತ್ತು ನಿಮಿಷಕ್ಕೆ ಇಷ್ಟು ಸಾಕು.

ಹೊಟ್ಟೆ, ನೆಲ, ಸಲಕರಣೆ

ಪೂರ್ತಿ ಊಟವಾದ ಮೇಲೆ ಮೂರೂವರೆ-ನಾಲ್ಕು ಗಂಟೆ ಬಿಡಬೇಕು. ಮುದ್ದೆ ಊಟವಾದರೆ ನಾಲ್ಕೇ ಇರಲಿ. ಎರಡು ಇಡ್ಲಿಯಷ್ಟು ಲಘು ತಿಂಡಿಗೆ ಎರಡು ಗಂಟೆ. ಬೆಳಿಗ್ಗೆ ಕಾಫಿ ಇಲ್ಲದೆ ಕಣ್ಣು ಬಿಡದವರು ಅರ್ಧ ಲೋಟ ಕುಡಿದು ಅರ್ಧ ಗಂಟೆ ಬಿಟ್ಟು ಶುರು ಮಾಡಲಿ, ಅದರಿಂದ ವ್ರತಭಂಗವಾಗುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಬರೀ ಹೊಟ್ಟೆಯಲ್ಲಿ ಮಾಡಬೇಕೇ ಬೇಡವೇ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು; ಸಕ್ಕರೆ ದಿಢೀರ್ ಇಳಿದರೆ ಬೆವರಿ ತಲೆಸುತ್ತು ಬರುತ್ತದೆ. ಪಕ್ಕದಲ್ಲಿ ಬೆಲ್ಲದ ಚೂರೋ ಗ್ಲೂಕೋಸೋ ಇರಲಿ.

ಟೈಲ್ಸು, ಮೊಸಾಯಿಕ್ ನೆಲದ ಮೇಲೆ ಜಮಖಾನ ಹಾಸಿ ನಿಂತ ಆಸನ ಮಾಡಬೇಡಿ, ಜಾರುತ್ತದೆ. ನಿಂತು ಮಾಡುವುದಿದ್ದರೆ ಒಂದೋ ಬರೀ ನೆಲ, ಇಲ್ಲವೇ ರಬ್ಬರ್ ಹಿಡಿತವಿರುವ ಮ್ಯಾಟು. ದಪ್ಪ 4ರಿಂದ 6 ಮಿಲಿಮೀಟರ್ ಇದ್ದರೆ ಸರಿ. 10 ಮಿಲಿಮೀಟರಿನ ಮೆತ್ತನೆಯದು ಮಂಡಿಗೆ ಹಿತವಾದರೂ ವೃಕ್ಷಾಸನದಲ್ಲಿ ಪಾದವನ್ನು ಅಲುಗಾಡಿಸಿ ಕೆಡಿಸುತ್ತದೆ.

ಅಂಗಡಿಯ ಸಲಕರಣೆಗೆ ಅವಸರವಿಲ್ಲ. ಬೆಲ್ಟಿನ ಬದಲು ಹಳೆಯ ವೇಲು ಅಥವಾ ಪಂಚೆ, ಬ್ಲಾಕಿನ ಬದಲು ಗಟ್ಟಿಮುಟ್ಟಾದ ಕಾಲುಮಣೆ, ದಿಂಬಿನ ಬದಲು ಸುತ್ತಿದ ಕಂಬಳಿ. ಕುರ್ಚಿ ಮಾತ್ರ ಪ್ಲಾಸ್ಟಿಕ್ಕಿನದು ಬೇಡ. ಅದರ ಕಾಲು ಬಾಗುತ್ತದೆ, ಸರಿಯುತ್ತದೆ. ಕಬ್ಬಿಣದ ಮಡಚುವ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಳ್ಳಿ.

ಸೂರ್ಯನಮಸ್ಕಾರ: ಎಲ್ಲರೂ ಮಾಡುವುದು, ಎಲ್ಲರೂ ತಪ್ಪುವುದು

ಹನ್ನೆರಡು ಹೆಜ್ಜೆಯ ಕ್ರಮ ಹೆಚ್ಚು ಬಳಕೆಯಲ್ಲಿದೆ. ಅಷ್ಟಾಂಗದ ಮೊದಲ ಬಗೆಯಲ್ಲಿ 9 ವಿನ್ಯಾಸಗಳು (ಉಸಿರಿಗೆ ಕೂಡಿಸಿದ ಚಲನೆಗಳು), ಎರಡನೆಯದರಲ್ಲಿ 17. ಯಾವುದೇ ಇರಲಿ, ಒಂದು ಚಲನೆಗೆ ಒಂದು ಉಸಿರು. ಎದೆ ತೆರೆದುಕೊಳ್ಳುವಾಗ ಒಳಗೆ, ಹೊಟ್ಟೆ ಮಡಚಿಕೊಳ್ಳುವಾಗ ಹೊರಗೆ. ಹನ್ನೆರಡು ಹೆಜ್ಜೆಗೆ ಒಂದು ನಿಮಿಷ ಹಿಡಿದರೆ ವೇಗ ಸರಿಯಾಗಿದೆ. ಮೊದಲ ಸಲ ಬಲಗಾಲು, ಮರುಸಲ ಎಡಗಾಲು ಹಿಂದಕ್ಕೆ. ಎರಡೂ ಸೇರಿದರೆ ಒಂದು ಪೂರ್ತಿ ಸುತ್ತು. ಮೂರು ಸುತ್ತಿನಿಂದ ಶುರು ಮಾಡಿ ವಾರಕ್ಕೊಂದು ಸುತ್ತು ಹೆಚ್ಚಿಸಿ. ರಥಸಪ್ತಮಿಯ ದಿನ 108 ಹಾಕುತ್ತೇನೆಂದು ಒಂದೇ ಸಲಕ್ಕೆ ಇಳಿದವರ ಭುಜ ಶಿವರಾತ್ರಿಯವರೆಗೂ ನೋಯುತ್ತಿರುತ್ತದೆ.

ಕೆಡುವುದು ಮೂರು ಕಡೆ. ಮೊದಲನೆಯದು ಪಾದಹಸ್ತಾಸನ. ಕೈ ನೆಲ ಮುಟ್ಟಬೇಕೆಂಬ ಹಟಕ್ಕೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದರೆ ಅದು ಕೂರುವ ಮೂಳೆಯನ್ನು ಕೆಳಗೆಳೆದು ಹಿಡಿದಿರುತ್ತದೆ, ಸೊಂಟ ಮುಂದೆ ತಿರುಗಲಾರದು. ಆಗ ಬಾಗಬೇಕಾದ ಕೆಲಸವೆಲ್ಲ ಬೆನ್ನಿನ ಕೆಳಭಾಗದ ಡಿಸ್ಕುಗಳ ಮೇಲೆ ಬೀಳುತ್ತದೆ. ಪರಿಹಾರ ಸುಲಭ: ಹೊಟ್ಟೆ ತೊಡೆಗೆ ತಾಗುವಷ್ಟು ಮಂಡಿ ಮಡಚಿ. ಮೊದಲು ಹೊಟ್ಟೆ-ತೊಡೆ ಕೂಡಬೇಕು, ಕಾಲು ನೆಟ್ಟಗಾಗುವುದು ತಿಂಗಳುಗಳ ಮೇಲಿನ ಮಾತು.

ಎರಡನೆಯದು ಚತುರಂಗ ದಂಡಾಸನ, ಅಂದರೆ ಅಂಗೈ, ಕಾಲ್ಬೆರಳ ಮೇಲೆ ಮೈಯನ್ನು ನೆಲಕ್ಕೆ ಸಮವಾಗಿ ಇಳಿಸುವುದು. ಇಳಿಯುವಾಗ ಭುಜ ಮೊಣಕೈಗಿಂತ ಕೆಳಗೆ ಹೋದರೆ ಭುಜದ ಕೀಲಿನ ಮುಂಭಾಗಕ್ಕೆ ಪೆಟ್ಟು. ಮೊಣಕೈ ಪಕ್ಕೆಗೆ ಒತ್ತಿರಬೇಕು, ಭುಜ ಮೊಣಕೈ ಮಟ್ಟಕ್ಕೆ ಬಂದಲ್ಲಿ ನಿಲ್ಲಬೇಕು. ಅಷ್ಟು ಬಲ ಬರುವತನಕ ಮಂಡಿ ನೆಲಕ್ಕೆ ಊರಿ ಇಳಿಯಿರಿ, ಇಲ್ಲವೇ ಅಷ್ಟಾಂಗ ನಮಸ್ಕಾರ (ಗದ್ದ, ಎದೆ, ಎರಡು ಅಂಗೈ, ಎರಡು ಮಂಡಿ, ಎರಡು ಪಾದ) ಮಾಡಿ. ಮಣಿಕಟ್ಟು ನೋಯುತ್ತಿದ್ದರೆ ಅಂಗೈಯ ಹಿಂಭಾಗಕ್ಕಷ್ಟೇ ಭಾರ ಬೀಳುತ್ತಿದೆ ಎಂದರ್ಥ. ಬೆರಳು ಅಗಲಿಸಿ, ತೋರುಬೆರಳ ಬುಡವನ್ನು ನೆಲಕ್ಕೆ ಒತ್ತಿ.

ಮೂರನೆಯದು ಭುಜಂಗಾಸನ. ಕೈಯಲ್ಲಿ ನೆಲ ತಳ್ಳಿ ಮೇಲೇಳುವವರಿಗೆ ಸೊಂಟದಲ್ಲಿ ಚಿವುಟಿದಂತಾಗುತ್ತದೆ. ಮೊದಲು ಪಾದದ ಮೇಲ್ಭಾಗವನ್ನು ನೆಲಕ್ಕೊತ್ತಿ ತೊಡೆ ಬಿಗಿ ಮಾಡಿ, ಕೈ ಎತ್ತಿಬಿಟ್ಟರೂ ಎದೆ ಎಷ್ಟು ಮೇಲೇಳುತ್ತದೋ ಅಷ್ಟೇ ನಿಮ್ಮ ಇವತ್ತಿನ ಭುಜಂಗಾಸನ.

ಪದ್ಮಾಸನದ ಆಸೆ, ಮಂಡಿಯ ಕಷ್ಟ

ಮಂಡಿ ಬಾಗಿಲ ಕೀಲಿನಂಥದ್ದು, ಮುಖ್ಯವಾಗಿ ಮಡಚುತ್ತದೆ, ಬಿಚ್ಚುತ್ತದೆ. ತಿರುಗುವ ಕೆಲಸ ತೊಡೆಸಂದಿನ ಗುಂಡು ಕೀಲಿನದ್ದು. ಅದು ತಿರುಗದಿದ್ದರೂ ಪಾದವನ್ನು ಎಳೆದು ತೊಡೆಯ ಮೇಲಿಟ್ಟರೆ ಆ ತಿರುವು ಮಂಡಿಗೆ ಬೀಳುತ್ತದೆ, ಒಳಗಿನ ಮೆತ್ತೆಯಂಥ ಮೃದ್ವಸ್ಥಿ ಸಿಕ್ಕಿ ಹರಿಯುತ್ತದೆ. ಹಿಂದಿನ ತಲೆಮಾರಿಗೆ ಪಂಕ್ತಿಯಲ್ಲಿ ಕೂತು ಉಣ್ಣುವ ರೂಢಿ ಇತ್ತು, ತೊಡೆಸಂದು ತಾನಾಗೇ ಸಡಿಲವಿತ್ತು. ಊಟದ ಮೇಜು, ಕಮೋಡು ಬಂದಮೇಲೆ ಅದು ಹೋಯಿತು. ಆಸೆ ಮಾತ್ರ ಉಳಿದಿದೆ.

ಪರೀಕ್ಷೆ ಹೀಗೆ: ಸುಖಾಸನದಲ್ಲಿ ಕೂತು ಕನ್ನಡಿಯಲ್ಲಿ ನೋಡಿ. ಮಂಡಿ ತೊಡೆಸಂದಿಗಿಂತ ಮೇಲಿದ್ದರೆ ಪದ್ಮಾಸನದ ಯೋಚನೆ ಸದ್ಯಕ್ಕೆ ಬಿಡಿ. ಕಂಬಳಿಯನ್ನು ಒಂದು ಗೇಣಿನಷ್ಟು ಎತ್ತರಕ್ಕೆ ಮಡಚಿ, ಅದರ ಅಂಚಿನಲ್ಲಿ ಕೂತರೆ ಮಂಡಿ ಇಳಿಯುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ದಿನಾ ಐದು ನಿಮಿಷ ಬದ್ಧಕೋಣಾಸನ (ಅಂಗಾಲು ಜೋಡಿಸಿ ಮಂಡಿ ಅಗಲಿಸಿ ಕೂರುವುದು), ಅದೂ ಮಂಡಿ ಒತ್ತದೆ. ಯೋಗದಲ್ಲಿ ಸ್ನಾಯು ಎಳೆದಂತೆ ಅನ್ನಿಸುವುದು ಸಹಜ; ಕೀಲಿನೊಳಗೆ ಚುಚ್ಚಿದಂತಾದರೆ, ಕಾಲಿಗೆ ಜುಮ್ ಎಂದು ಹರಿದರೆ ಆ ಕ್ಷಣವೇ ನಿಲ್ಲಿಸಿ.

ಬೆಳಗಿನ ಇಪ್ಪತ್ತು ನಿಮಿಷ

ಶೈಲಿ ಯಾವುದೇ ಕಲಿಯುತ್ತಿರಿ, ತರಗತಿ ಇಲ್ಲದ ದಿನಕ್ಕೆ ಒಂದು ಕಂತು ಬಾಯಿಪಾಠವಿರಬೇಕು. ಮನೆಯಲ್ಲಿ ನೀರು ಹಿಡಿಯುವುದು, ಡಬ್ಬಿ ಕಟ್ಟುವುದು, ಆಫೀಸಿನ ಕ್ಯಾಬು ಇವುಗಳ ನಡುವೆ ಗಂಟೆ ಸಿಗುವುದಿಲ್ಲ, ಇಪ್ಪತ್ತು ನಿಮಿಷ ಸಿಗುತ್ತದೆ.

1. ಹಿಮ್ಮಡಿ, ಮಣಿಕಟ್ಟು, ಭುಜ ಎಂಟೆಂಟು ಸಲ ತಿರುಗಿಸುವುದು: 2 ನಿಮಿಷ.
2. ಮಾರ್ಜಾಲಾಸನ (ಮಂಡಿ, ಅಂಗೈ ಊರಿ ಬೆನ್ನನ್ನು ಬೆಕ್ಕಿನಂತೆ ಏರಿಸಿ ಇಳಿಸುವುದು), ಉಸಿರಿನೊಂದಿಗೆ ಎಂಟು ಸಲ: 1 ನಿಮಿಷ.
3. ಸೂರ್ಯನಮಸ್ಕಾರ ಮೂರು ಪೂರ್ತಿ ಸುತ್ತು: 6 ನಿಮಿಷ.
4. ತ್ರಿಕೋನಾಸನ, ವೃಕ್ಷಾಸನ, ಪ್ರತಿ ಬದಿಗೆ ಐದು ಉಸಿರು: 3 ನಿಮಿಷ. ತ್ರಿಕೋನದಲ್ಲಿ ಕೈ ನೆಲ ಮುಟ್ಟಲು ಎದೆ ಕೆಳಮುಖವಾದರೆ ಕೈಯನ್ನು ಕಾಲುಮಣೆಯ ಮೇಲಿಡಿ.
5. ಭುಜಂಗಾಸನ ಎರಡು ಸಲ, ಸೇತುಬಂಧಾಸನ (ಅಂಗಾತ ಮಲಗಿ ಸೊಂಟ ಎತ್ತುವುದು), ಎರಡೂ ಬದಿಗೆ ವಕ್ರಾಸನ (ಕೂತು ಮೈ ತಿರುಗಿಸುವುದು): 4 ನಿಮಿಷ.
6. ಶವಾಸನ: 2 ನಿಮಿಷ.
7. ನಾಡಿಶುದ್ಧಿ (ಹೊಳ್ಳೆ ಬದಲಿಸಿ ಉಸಿರಾಡುವುದು) ಆರು ಸುತ್ತು: 2 ನಿಮಿಷ.

ಹೊತ್ತಾಯಿತೆಂದು ಮೊದಲು ಕತ್ತರಿ ಬೀಳುವುದು ಶವಾಸನಕ್ಕೆ. ಕತ್ತರಿಸಲೇಬೇಕಿದ್ದರೆ ನಾಲ್ಕನೆಯದನ್ನು ಕತ್ತರಿಸಿ. ಏರಿದ ನಾಡಿ ಇಳಿಯದೆ ಎದ್ದು ಬಸ್ಸಿಗೆ ಓಡಿದರೆ ದಿನವೆಲ್ಲ ಅದೇ ಅವಸರ.

ನಾಡಿಶುದ್ಧಿಗೆ ಎಡ ಹೊಳ್ಳೆಯಿಂದ ಎಳೆದು ಬಲದಿಂದ ಬಿಡಿ, ಬಲದಿಂದ ಎಳೆದು ಎಡದಿಂದ ಬಿಡಿ. ಇದು ಒಂದು ಸುತ್ತು. ಎಳೆಯಲು ನಾಲ್ಕು ಎಣಿಕೆ, ಬಿಡಲು ಆರು. ಕುಂಭಕ, ಅಂದರೆ ಉಸಿರು ಹಿಡಿಯುವುದು, ಪುಸ್ತಕ ನೋಡಿ ಮಾಡುವಂಥದ್ದಲ್ಲ. ಕಪಾಲಭಾತಿ, ಅಂದರೆ ಉಸಿರನ್ನು ಹೊಡೆತ ಹೊಡೆತವಾಗಿ ಹೊರದೂಡುವುದು; ಅದರ ಹೊಡೆತ ಹೊಕ್ಕುಳ ಕೆಳಗಿನಿಂದ ಬರಬೇಕು. ಭುಜ ಕುಣಿಯುತ್ತಿದ್ದರೆ ಅದು ಬರೀ ಏದುಸಿರು. 20 ಹೊಡೆತದ ಎರಡು ಆವರ್ತ ಸಾಕು. ರಕ್ತದೊತ್ತಡ ಹೆಚ್ಚಿರುವವರು, ಹರ್ನಿಯಾ ಇರುವವರು, ಬಸುರಿಯರು ಅದನ್ನು ಬಿಟ್ಟುಬಿಡಬೇಕು.

ಕುರ್ಚಿಯಲ್ಲಿ ನಾಲ್ಕು ನಿಮಿಷ, ರಾತ್ರಿ ಹದಿನೈದು

ಕಚೇರಿಯಲ್ಲಿ ಎರಡು ಗಂಟೆಗೊಮ್ಮೆ ಎದ್ದು ಮೇಜಿನಂಚಿಗೆ ಅಂಗೈ ಊರಿ, ಬೆನ್ನು ಮೇಜಿನ ಮಟ್ಟಕ್ಕೆ ಬರುವಷ್ಟು ಹಿಂದೆ ಸರಿದು ಬಾಗಿ, ಹತ್ತು ಉಸಿರು. ಮತ್ತೆ ಕೂತು ಗರುಡಾಸನದ ಕೈಹೆಣಿಗೆ (ಮುಂದೆ ಚಾಚಿದ ಎರಡೂ ತೋಳನ್ನು ಒಂದಕ್ಕೊಂದು ಸುತ್ತುವುದು) ಎರಡೂ ಬದಿಗೆ ಐದೈದು ಉಸಿರು, ಭುಜದ ಮೂಳೆಗಳ ನಡುವಿನ ಬಿಗಿತಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಕುರ್ಚಿಯ ಬೆನ್ನು ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿ. ಕತ್ತನ್ನು ಗಿರಗಿರನೆ ಪೂರ್ತಿ ಸುತ್ತಿಸಬೇಡಿ; ಆ ಕಡೆ ಈ ಕಡೆ, ಮುಂದೆ, ಅಷ್ಟೇ.

ರಾತ್ರಿಗೆ ವಿಪರೀತಕರಣಿ: ಪೃಷ್ಠವನ್ನು ಗೋಡೆಗೆ ಒತ್ತಿ ಕಾಲು ಮೇಲೆತ್ತಿ ಆರು ನಿಮಿಷ. ತೊಡೆಯ ಹಿಂಭಾಗ ಎಳೆದರೆ ಗೋಡೆಯಿಂದ ಒಂದು ಗೇಣು ದೂರ ಸರಿಯಿರಿ. ಬಳಿಕ ಬೆನ್ನಿನುದ್ದಕ್ಕೂ ದಿಂಬಿಟ್ಟು ಸುಪ್ತ ಬದ್ಧಕೋಣಾಸನ ನಾಲ್ಕು ನಿಮಿಷ, ಎದ್ದು ಕೂತು ಭ್ರಾಮರಿ ಏಳು ಸಲ, ಕೊನೆಗೆ ಶವಾಸನ. ಭ್ರಾಮರಿಯ ಗುಂಯ್ ಸದ್ದು ಗಂಟಲಲ್ಲಿ ಕರಕರ ಅನ್ನದೆ ತಲೆಯೊಳಗೆ ಅದುರಬೇಕು. ರಾತ್ರಿಪಾಳಿಯವರು ಬೆಳಿಗ್ಗೆ ಮನೆಗೆ ಬಂದು ಮಲಗುವ ಮುಂಚೆ ಮಾಡಬೇಕಾದದ್ದೂ ಇದೇ ಕಂತು, ಸೂರ್ಯನಮಸ್ಕಾರವಲ್ಲ.

ಯಾವುದು ಬೇಡ, ಯಾರ ಹತ್ತಿರ ಬೇಡ

ಗ್ಲಾಕೋಮಾ ಇರುವವರು, ಹತೋಟಿಗೆ ಬಾರದ ರಕ್ತದೊತ್ತಡದವರು ತಲೆಕೆಳಗಾಗುವ ಆಸನ ಮಾಡಬಾರದು. ಕಣ್ಣಿನೊಳಗಿನ ಒತ್ತಡ, ತಲೆಗೆ ಬೀಳುವ ಒತ್ತಡ ಏರುತ್ತದೆ. ಡಿಸ್ಕ್ ಸರಿದಿದ್ದರೆ ಮುಂಬಾಗುವುದು ಬೇಡ. ಭುಜದ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನವನ್ನು ಬರೀ ನೆಲದ ಮೇಲೆ ಮಾಡಿದರೆ ಕತ್ತಿನ ಮೂಳೆ ನೆಲಕ್ಕೊತ್ತುತ್ತದೆ. ಮೂರ್ನಾಲ್ಕು ಕಂಬಳಿಯನ್ನು ಅಂಚು ಸೇರಿಸಿ ಮಡಚಿ, ಭುಜ ಕಂಬಳಿಯ ಮೇಲೆ, ತಲೆ ಕೆಳಗೆ ನೆಲದ ಮೇಲೆ ಇರುವಂತೆ ಮಲಗಿ ಏಳಬೇಕು. ಆಸನದಲ್ಲಿದ್ದಾಗ ಕತ್ತು ಪಕ್ಕಕ್ಕೆ ತಿರುಗಿಸಬಾರದು, ಯಾರು ಕರೆದರೂ.

ಗುರುವನ್ನು ಆರಿಸುವಾಗ ಆಯುಷ್‌ನ ಯೋಗ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರವಿದ್ದರೆ ಒಳ್ಳೆಯದು, ಆದರೆ ಅದೊಂದೇ ಸಾಲದು. ಸೇರುವ ದಿನ ನಿಮ್ಮ ಆಪರೇಷನ್ನು, ಮಾತ್ರೆ, ಹಳೆಯ ಪೆಟ್ಟಿನ ಬಗ್ಗೆ ವಿಚಾರಿಸಿದರೇ? ತರಗತಿಯಲ್ಲಿ ನಲವತ್ತು ಜನವಿದ್ದು ಒಬ್ಬರೇ ವೇದಿಕೆಯ ಮೇಲೆ ಮಾಡಿ ತೋರಿಸುತ್ತಿದ್ದರೆ ನಿಮ್ಮ ತಪ್ಪು ಅವರಿಗೆ ಕಾಣುವುದಿಲ್ಲ. ಪಶ್ಚಿಮೋತ್ತಾನಾಸನದಲ್ಲಿ ಬೆನ್ನ ಮೇಲೆ ಭಾರ ಹಾಕಿ ಒತ್ತುವವರಿಗೆ ‘ಬೇಡ ಸಾರ್’ ಎಂದು ಬಾಯಿಬಿಟ್ಟು ಹೇಳಿ. ಮುಟ್ಟುವ ಮುಂಚೆ ಕೇಳುವುದು ಗುರುವಿನ ಕರ್ತವ್ಯ.

ಬಿಟ್ಟುಹೋದಾಗ

ಮದುವೆ, ಜಾತ್ರೆ, ಜ್ವರ, ಮಕ್ಕಳ ಪರೀಕ್ಷೆ ಯಾವುದೋ ಒಂದಕ್ಕೆ ಅಭ್ಯಾಸ ತಪ್ಪಿಯೇ ತಪ್ಪುತ್ತದೆ. ಎರಡು ಮೂರು ದಿನವಾದರೆ ಬಿಟ್ಟಲ್ಲಿಂದಲೇ ಹಿಡಿಯಿರಿ. ಎರಡು ವಾರ ದಾಟಿದ್ದರೆ ಸುತ್ತುಗಳನ್ನು ಅರ್ಧಕ್ಕೆ ಇಳಿಸಿ, ಒಂದು ವಾರದಲ್ಲಿ ಹಳೆಯ ಲೆಕ್ಕಕ್ಕೆ ಬನ್ನಿ. ಜ್ವರ ಬಿಟ್ಟ ಮೇಲೆ ಮೊದಲ ಮೂರು ದಿನ ಶಿಥಿಲೀಕರಣ ಮತ್ತು ನಾಡಿಶುದ್ಧಿ ಮಾತ್ರ. ಮೆಟ್ಟಿಲು ಹತ್ತಿದರೂ ಏದುಸಿರು ಬರದಂತಾದ ಮೇಲೆ ಸೂರ್ಯನಮಸ್ಕಾರಕ್ಕೆ ಮರಳಿ, ಅದೂ ಒಂದು ಸುತ್ತಿನಿಂದ. ಪ್ರಯಾಣದಲ್ಲಿದ್ದರೆ ಮ್ಯಾಟು ಹೊರಬೇಕಿಲ್ಲ, ಲಾಡ್ಜಿನ ಗೋಡೆ ಸಾಕು: ಗೋಡೆಗೆ ಅಂಗೈ ಊರಿ ಬಾಗುವುದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ಮಂಡಿ ಮಡಚುವ ಉತ್ಕಟಾಸನ, ಮಂಚದ ಮೇಲೆ ಮಲಗಿ ಅದೇ ಗೋಡೆಗೆ ಕಾಲೆತ್ತುವುದು.